ಐಡೆಕ್ಸ್ ಅನುದಾನಕ್ಕೆ ಅರ್ಜಿ: ಮೈಲಿಗಲ್ಲು ಪಟ್ಟಿ ಬರೆಯುವುದು ಹೇಗೆ?

ಒಳ್ಳೆಯ ತಂತ್ರಜ್ಞಾನ ಕೈಯಲ್ಲಿದ್ದೂ ಸೇನೆಗೆ ಬೇಕಾದ ಹೊಸ ಉಪಕರಣ ರೂಪಿಸಲು ರಕ್ಷಣಾ ಸಚಿವಾಲಯ ಕೊಡುವ ಐಡೆಕ್ಸ್ (ಇನ್ನೊವೇಷನ್ಸ್ ಫಾರ್ ಡಿಫೆನ್ಸ್ ಎಕ್ಸಲೆನ್ಸ್) ಅನುದಾನದಲ್ಲಿ ಎಡವುವ ನವೋದ್ಯಮಗಳನ್ನು ಕಂಡರೆ ಸಂಕಟವಾಗುತ್ತದೆ. ಸರ್ಕ್ಯೂಟ್ ಬಗ್ಗೆ ಹತ್ತು ಪುಟ ಬರೆದಿರುತ್ತಾರೆ. ಯಾವ ಕೆಲಸ ಮುಗಿದಾಗ, ಯಾವ ದಾಖಲೆಯ ಆಧಾರದ ಮೇಲೆ ಹಣ ಬಿಡುಗಡೆಯಾಗಬೇಕು ಎಂದು ಹೇಳುವ ಮೈಲಿಗಲ್ಲು ಪಟ್ಟಿಗೆ ಮಾತ್ರ ಅರ್ಧ ಪುಟ. ಆಯ್ಕೆಯಾದ ಮೇಲೆ ಆ ಅರ್ಧ ಪುಟವೇ ಒಪ್ಪಂದದೊಳಗೆ ಸೇರಿ ಯೋಜನೆ ಮುಗಿಯುವವರೆಗೂ ಕಾಡುತ್ತದೆ.

ಹಂತ 1: ಸರಿಯಾದ ಬಾಗಿಲು ತಟ್ಟಿ

ಐಡೆಕ್ಸ್ 2018ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಎಚ್‌ಎಎಲ್ ಮತ್ತು ಬಿಇಎಲ್ ಸೇರಿ ಕಟ್ಟಿದ ಡಿಫೆನ್ಸ್ ಇನ್ನೊವೇಷನ್ ಆರ್ಗನೈಸೇಷನ್ ಇದನ್ನು ನಡೆಸುತ್ತದೆ. ಸಾಮಾನ್ಯ ಚಾಲೆಂಜ್‌ಗಳಿಗೆ (ಪರಿಹಾರ ಹುಡುಕಿ ಎಂದು ಸೇನೆ ಮುಂದಿಡುವ ಸಮಸ್ಯೆಗಳಿಗೆ) ₹1.5 ಕೋಟಿವರೆಗೆ, ಐಡೆಕ್ಸ್ ಪ್ರೈಮ್‌ನಲ್ಲಿ ₹10 ಕೋಟಿವರೆಗೆ, 2024ರಲ್ಲಿ ಬಂದ ಅದಿತಿ ಯೋಜನೆಯಲ್ಲಿ ₹25 ಕೋಟಿವರೆಗೆ ಅನುದಾನವಿದೆ. ಮೂರರಲ್ಲೂ ಸರ್ಕಾರ ಕೊಡುವುದು ಅಭಿವೃದ್ಧಿ ವೆಚ್ಚದ ಶೇ 50ರವರೆಗೆ ಮಾತ್ರ, ಉಳಿದದ್ದು ನಿಮ್ಮ ಪಾಲು. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿ ಬೇರೆಯದೇ ಬಾಗಿಲು. ಅಲ್ಲಿ ಯೋಜನೆಗೆ ₹50 ಕೋಟಿವರೆಗೆ, ವೆಚ್ಚದ ಶೇ 90ರವರೆಗೂ ನೆರವು ಸಿಗುತ್ತದೆ.

ನಿಮ್ಮ ಬಳಿ ಇನ್ನೂ ಬರೀ ಕಲ್ಪನೆ ಇದ್ದರೆ ಈ ಯಾವ ಬಾಗಿಲೂ ಬೇಡ. ಮೊದಲು ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಇನ್‌ಕ್ಯುಬೇಟರ್ (ನವೋದ್ಯಮಗಳನ್ನು ಬೆಳೆಸುವ ಸಂಸ್ಥೆ) ಮೂಲಕ ₹20 ಲಕ್ಷದವರೆಗಿನ ಅನುದಾನ ಪಡೆದು ಪರಿಕಲ್ಪನೆಯನ್ನು ಸಾಬೀತು ಮಾಡಿ. ಮೇಜಿನ ಮೇಲೆ ಕೆಲಸ ಮಾಡುವ ಮಾದರಿ ಇಟ್ಟುಕೊಂಡು ಐಡೆಕ್ಸ್‌ಗೆ ಬನ್ನಿ. ಒಂದೇ ಕೆಲಸಕ್ಕೆ ಎರಡು ಸರ್ಕಾರಿ ಅನುದಾನ ತೋರಿಸುವ ಸಾಹಸ ಬೇಡ. ಲೆಕ್ಕ ಪರಿಶೋಧನೆಯಲ್ಲಿ ಅದು ಹೊರಬಂದೇ ಬರುತ್ತದೆ.

ಹಂತ 2: ಕಾಗದಪತ್ರ

ನವೋದ್ಯಮ ಎಂದು ಕೇಂದ್ರದ ಡಿಪಿಐಐಟಿ ಇಲಾಖೆ ಕೊಡುವ ಮಾನ್ಯತೆ ಅಥವಾ ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ, ಪ್ಯಾನ್, ಷೇರುದಾರರ ಪಟ್ಟಿ, ಲೆಕ್ಕಪತ್ರ ಸಿದ್ಧವಿರಲಿ. ಎರಡೂ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ, ನೋಡಲು ಸರ್ಕಾರಿ ಜಾಲತಾಣದಂತೆಯೇ ಇರುವ ಖಾಸಗಿ ತಾಣಗಳಿಂದ ದೂರವಿರಿ. ಮಂಜೂರಾದ ಹಣದಲ್ಲಿ ಇಂತಿಷ್ಟು ಪಾಲು ಕೊಟ್ಟರೆ ಅನುದಾನ ಗ್ಯಾರಂಟಿ ಎನ್ನುವ ಸಲಹೆಗಾರರಿಗಂತೂ ಬಾಗಿಲು ತೆರೆಯಲೇಬೇಡಿ. ಅವರು ಮಾರುವ ಸಿದ್ಧ ಯೋಜನಾ ವರದಿಯಲ್ಲಿ ಹೆಸರು ಬದಲಿಸಿ ಕಳಿಸಿದರೆ ಪರಿಶೀಲಕರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಹಂತ 3: ಸಮಸ್ಯೆಯನ್ನು ಸೈನಿಕನ ಕಡೆಯಿಂದ ಓದಿ

ಪ್ರತಿ ಚಾಲೆಂಜ್‌ನ ಹಿಂದೆ ಭೂಸೇನೆ, ನೌಕಾಪಡೆ, ವಾಯುಪಡೆ ಅಥವಾ ಇನ್ನೊಂದು ಸಂಸ್ಥೆಯ ನಿರ್ದಿಷ್ಟ ಅಗತ್ಯ ಇರುತ್ತದೆ. ಎಲ್ಲಿ ಬಳಸುತ್ತಾರೆ, ಯಾರು ಹೊರುತ್ತಾರೆ, ಎಷ್ಟು ತೂಕ, ಬ್ಯಾಟರಿ ಎಷ್ಟು ಹೊತ್ತು ಎಂದು ಪಟ್ಟಿ ಮಾಡಿ, ಉತ್ತರವಿಲ್ಲದ ಪ್ರಶ್ನೆಗಳನ್ನು ಸಂವಾದ ಸಭೆಗಳಲ್ಲಿ ಕೇಳಿ.

ಹಂತ 4: ಮೈಲಿಗಲ್ಲು ಪಟ್ಟಿ

ಇಲ್ಲಿ ಆತುರ ಬೇಡ. ಅರ್ಜಿಗೆ ಮೀಸಲಿಟ್ಟ ಸಮಯದಲ್ಲಿ ಅರ್ಧ ಭಾಗ ಈ ಒಂದು ಕೋಷ್ಟಕಕ್ಕೇ ಹೋಗಲಿ. ಪ್ರತಿ ಸಾಲಿನಲ್ಲಿ ಐದು ಸಂಗತಿ ಇರಬೇಕು: ಕೆಲಸ, ಅಳತೆ, ಸಾಕ್ಷ್ಯ, ತಿಂಗಳು, ಹಣ.

ರಾತ್ರಿ ಕಾವಲಿಗೆ ಬಳಸುವ, ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ‘ವಿನ್ಯಾಸ ಶೇ 80ರಷ್ಟು ಪೂರ್ಣ’ ಎಂದು ಬರೆದರೆ ಆ 80ನ್ನು ಅಳೆಯುವವರು ಯಾರು? ಪ್ರಗತಿ ಪರಿಶೀಲಿಸುವ ಸಮಿತಿ ಸಹಿ ಹಾಕಲಾರದು, ಕಂತು ನಿಲ್ಲುತ್ತದೆ. ಹೀಗೆ ಬರೆಯಿರಿ: ‘ಎರಡು ಬೆಂಚ್ ಮಾದರಿ ಸಿದ್ಧ. 1 ಕಿ.ಮೀ. ದೂರದಲ್ಲಿ ನಿಂತ ಮನುಷ್ಯನನ್ನು ರಾತ್ರಿ ಪತ್ತೆ ಮಾಡಿ ತೋರಿಸುವುದು. ಸಾಕ್ಷ್ಯ: ಸೇನೆಯ ಕಡೆಯಿಂದ ಯೋಜನೆ ನೋಡಿಕೊಳ್ಳುವ ನೋಡಲ್ ಅಧಿಕಾರಿಯ ಎದುರು ನಡೆದ ಪರೀಕ್ಷೆಯ ಸಹಿ ಇರುವ ವರದಿ.’

ಇದರಲ್ಲಿ ‘ಪತ್ತೆ’ ಎಂಬ ಪದವನ್ನು ಲಘುವಾಗಿ ಎಣಿಸಬೇಡಿ. ಏನೋ ಒಂದು ಅಲ್ಲಿದೆ ಎಂದು ಕಾಣುವುದು ಪತ್ತೆ. ಅದು ಮನುಷ್ಯನೋ ದನವೋ ಎಂದು ಹೇಳುವುದು ಗುರುತಿಸುವಿಕೆ. ಎರಡನೆಯದಕ್ಕೆ ಗುರಿಯ ಅಗಲದ ಮೇಲೆ ಮೂರು–ನಾಲ್ಕು ಪಟ್ಟು ಹೆಚ್ಚು ಪಿಕ್ಸೆಲ್ ಬೀಳಬೇಕು. ಅಂದರೆ ಉದ್ದದ ಲೆನ್ಸ್, ಹೆಚ್ಚು ತೂಕ, ಹೆಚ್ಚು ಬೆಲೆ. ‘ಗುರುತಿಸುತ್ತದೆ’ ಎಂದು ಚೆಂದಕ್ಕೆ ಬರೆದವರು ಆ ಲೆನ್ಸಿನ ಖರ್ಚನ್ನು ತಾವೇ ಹೊರಬೇಕಾಗುತ್ತದೆ. ಬಳಕೆದಾರರಿಗೆ ಗುರುತಿಸುವಿಕೆಯೇ ಬೇಕಿದ್ದರೆ ದೂರ ಎಷ್ಟೆಂದು ಕೇಳಿಕೊಂಡು, ಪತ್ತೆಗೂ ಗುರುತಿಸುವಿಕೆಗೂ ಬೇರೆ ಬೇರೆ ಅಂಕಿ ಕೊಡಿ.

ಮುಂದಿನದು ಪರಿಸರ ಪರೀಕ್ಷೆ. ಎಲೆಕ್ಟ್ರಾನಿಕ್ ಉಪಕರಣಗಳಿಗೆ ಭಾರತೀಯ ಸೇನೆಗಳ ಪರೀಕ್ಷಾ ಮಾನದಂಡ ಜೆಎಸ್‌ಎಸ್ 55555 ಅಥವಾ ಅಮೆರಿಕದ ಸೇನಾ ಮಾನದಂಡ ಮಿಲ್-ಸ್ಟ್ಯಾಂಡರ್ಡ್ 810, ವಿದ್ಯುತ್ಕಾಂತೀಯ ಅಡಚಣೆಗೆ ಮಿಲ್-ಸ್ಟ್ಯಾಂಡರ್ಡ್ 461 ಕೇಳುವುದು ವಾಡಿಕೆ. ಬರೀ ‘ಸೇನಾ ಗುಣಮಟ್ಟದ ಪರೀಕ್ಷೆ ಮಾಡಲಾಗುವುದು’ ಎಂದರೆ ಅರ್ಥವಿಲ್ಲ. ಹೆಚ್ಚಿನ ತಾಪ, ಕಡಿಮೆ ತಾಪ, ತೇವ, ಕಂಪನ, ದೂಳು, ಮಳೆ ಇವುಗಳಲ್ಲಿ ಯಾವುವು, ಯಾವ ಮಟ್ಟದವರೆಗೆ ಎಂದು ಬಿಡಿಸಿ ಬರೆಯಿರಿ. ಸಾಮಾನ್ಯ ದರ್ಜೆಯ ಚಿಪ್‌ಗಳಿಗೆ ತಯಾರಕರು ಭರವಸೆ ಕೊಡುವುದು 0ಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಲಡಾಖ್‌ನಲ್ಲಿ ಬಳಸುವ ಉಪಕರಣಕ್ಕೆ ಮೈನಸ್ 40ರಿಂದ 85 ಡಿಗ್ರಿಯ ಕೈಗಾರಿಕಾ ದರ್ಜೆಯನ್ನು ಮೊದಲ ದಿನವೇ ಆರಿಸಿ. ಮಾದರಿ ಸಿದ್ಧವಾದ ಮೇಲೆ ಬದಲಿಸಹೊರಟರೆ ಬೋರ್ಡಿನ ವಿನ್ಯಾಸವನ್ನೇ ಮತ್ತೆ ಮಾಡಬೇಕಾದೀತು. ಅಗ್ಗದ ಕನೆಕ್ಟರ್ ಬೇಡವೇ ಬೇಡ. ಮಳೆ ಪರೀಕ್ಷೆಯಲ್ಲಿ ನೀರು ಒಳಹೋಗುವುದು ಅಲ್ಲಿಂದಲೇ.

ವಿದ್ಯುತ್ಕಾಂತೀಯ ಪರೀಕ್ಷೆ ಮೊದಲ ಸಲಕ್ಕೇ ಪಾಸಾಗುತ್ತದೆಂದು ನೆಚ್ಚಿಕೊಳ್ಳಬೇಡಿ. ಎರಡನೇ ಸುತ್ತಿಗೂ ಹಣ ಮತ್ತು ಕನಿಷ್ಠ ಎರಡು ತಿಂಗಳು ಇಡಿ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ದಿನಾಂಕ ಸಿಗಲೂ ಕಾಯಬೇಕು. ಪರೀಕ್ಷೆಗೆ ಒಂದೇ ಮಾದರಿ ಕಳಿಸುವುದು ದೊಡ್ಡ ತಪ್ಪು. ಕಂಪನ ಮೇಜಿನ ಮೇಲೆ ಅದು ಮುರಿದರೆ ಎಲ್ಲ ಕೆಲಸವೂ ನಿಲ್ಲುತ್ತದೆ. ಎರಡು ಕಡ್ಡಾಯ, ಮೂರಿದ್ದರೆ ನೆಮ್ಮದಿ.

ತಿಂಗಳ ಲೆಕ್ಕ ಹಾಕುವಾಗ ಆಮದನ್ನು ಮರೆಯಬೇಡಿ. ಸೆಕೆಂಡಿಗೆ 9ಕ್ಕಿಂತ ಹೆಚ್ಚು ಚಿತ್ರ (ಫ್ರೇಮ್) ತೆಗೆಯುವ ಥರ್ಮಲ್ ಸೆನ್ಸರ್‌ಗಳ ಮೇಲೆ ಅಮೆರಿಕದ ರಫ್ತು ನಿಯಂತ್ರಣ ಬಿಗಿ. ಪರವಾನಗಿ, ಅಂತಿಮ ಬಳಕೆದಾರರ ದೃಢೀಕರಣ ಎಂದು ತಿಂಗಳುಗಳು ಸರಿಯುತ್ತವೆ. ಸೆನ್ಸರ್ ಬರುವ ತಿಂಗಳನ್ನೇ ಒಂದು ಸಾಲಾಗಿ ತೋರಿಸಿ. ಅದರ ಬೆಲೆ ಒಟ್ಟು ಉಪಕರಣದಲ್ಲಿ ಎಷ್ಟು ಪಾಲು ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಭಾರತದಲ್ಲೇ ವಿನ್ಯಾಸಗೊಂಡ ಉಪಕರಣಗಳ ಖರೀದಿ ವರ್ಗಕ್ಕೆ ರಕ್ಷಣಾ ಖರೀದಿಯ ನಿಯಮಾವಳಿ ಡಿಎಪಿ 2020 ಕನಿಷ್ಠ ಶೇ 50ರಷ್ಟು ದೇಶೀಯ ಅಂಶ ಕೇಳುತ್ತದೆ. ಆಮದು ಸೆನ್ಸರ್ ಒಂದೇ ಅರ್ಧ ಬೆಲೆ ನುಂಗಿದರೆ ಮಾದರಿ ಗೆದ್ದರೂ ಖರೀದಿಯ ಹೊತ್ತಿಗೆ ಕೈ ಕಟ್ಟಿದಂತಾಗುತ್ತದೆ.

ಕೊನೆಗೆ ಹಣದ ಕಾಲಂ. ಯೋಜನೆ ₹2.40 ಕೋಟಿಯದು ಎಂದಿಟ್ಟುಕೊಳ್ಳಿ: ಅನುದಾನ ₹1.20 ಕೋಟಿ, ನಿಮ್ಮದು ₹1.20 ಕೋಟಿ. ಇದನ್ನು ನಾಲ್ಕು ಸಮ ಕಂತು ಮಾಡುವುದು ಸುಲಭ, ಆದರೆ ತಪ್ಪು. ಬಿಡಿಭಾಗ ಖರೀದಿ ಮೊದಲರ್ಧದಲ್ಲೇ ಆಗುತ್ತದೆ, ಪರೀಕ್ಷೆಯ ಖರ್ಚು ಕೊನೆಗೆ ಬರುತ್ತದೆ. ಖರ್ಚು ಬೀಳುವ ತಿಂಗಳಿಗೆ ಕಂತನ್ನು ಹೊಂದಿಸಿ, ಪ್ರತಿ ಅಂಕಿಗೂ ಜಿಎಸ್‌ಟಿ ಸಹಿತವಾದ ಕೊಟೇಶನ್ ಲಗತ್ತಿಸಿ. ಒಂದು ಮೈಲಿಗಲ್ಲು ಮುಗಿದು, ಪರಿಶೀಲನೆಯಾಗಿ, ಮುಂದಿನ ಕಂತು ಖಾತೆಗೆ ಬೀಳುವ ನಡುವೆ ಸಂಬಳ ನಿಲ್ಲುವಂತಿಲ್ಲ. ಆರು ತಿಂಗಳ ಸಂಬಳದಷ್ಟು ಹಣ ಅನುದಾನದ ಹೊರಗೆ ಇಲ್ಲದವರು ಅರ್ಜಿಯನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳುವುದೇ ಲೇಸು.

ನಿಮ್ಮ ಪಾಲಿನ ಹಣಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಹೂಡಿಕೆದಾರರ ಬದ್ಧತಾ ಪತ್ರ ಇರಲಿ. ಸಂಸ್ಥಾಪಕರ ದುಡಿಮೆ, ಹಳೆಯ ಯಂತ್ರ ಇವಕ್ಕೆ ಬೆಲೆ ಕಟ್ಟಿ ಪಾಲು ತುಂಬಿಸುವ ಅಡ್ಡದಾರಿ ಹಿಡಿಯುವ ಮುನ್ನ ಐಡೆಕ್ಸ್‌ನ ಪಾಲುದಾರ ಇನ್‌ಕ್ಯುಬೇಟರ್‌ನಿಂದ ಲಿಖಿತ ಉತ್ತರ ಪಡೆಯಿರಿ.

ಹಂತ 5: ಸಮಿತಿಯ ಮುಂದೆ

ಉನ್ನತಾಧಿಕಾರ ಆಯ್ಕೆ ಸಮಿತಿಯ ಎದುರು ಮಾದರಿ ತೋರಿಸಿ, ಕೋಷ್ಟಕ ತೋರಿಸಿ. ಮಾರುಕಟ್ಟೆ ಎಷ್ಟು ದೊಡ್ಡದು ಎಂಬ ಸ್ಲೈಡ್‌ಗಳನ್ನು ಮನೆಯಲ್ಲೇ ಬಿಡಿ.

ಹಂತ 6: ಸಹಿಯಾದ ಮೇಲೆ

ಸಹಿಗೆ ಮುನ್ನ ಬೌದ್ಧಿಕ ಆಸ್ತಿಯ ಷರತ್ತನ್ನು ವಕೀಲರಿಗೆ ತೋರಿಸಿ. ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸಾಮಾನ್ಯ ಹಣಕಾಸು ನಿಯಮಗಳು 2017ರ ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿ ಸರ್ಕಾರಕ್ಕೆ ಸೇರಿದ್ದು. ಎಲ್ಲ ಹಣ ಒಂದೇ ಖಾತೆಯಲ್ಲಿ ಬೆರೆತರೆ ಆ ಬಡ್ಡಿಯನ್ನು ಬೇರ್ಪಡಿಸುವುದೇ ಲೆಕ್ಕಿಗರಿಗೆ ತಲೆನೋವು. ಪ್ರತಿ ಬಿಲ್ಲಿನ ಮೇಲೂ ಮೈಲಿಗಲ್ಲಿನ ಸಂಖ್ಯೆ ಬರೆದಿಡಿ. ಹಣ ಬಳಕೆ ಪ್ರಮಾಣಪತ್ರಕ್ಕೆ ಲೆಕ್ಕ ಪರಿಶೋಧಕರು ಸಹಿ ಹಾಕುವಾಗ ಮೊದಲು ಕೇಳುವುದು ಅದನ್ನೇ.