ಗೋಡೆಗೊಂದು ಉಬ್ಬು ಚಿತ್ರ: ಬೆಳಕು ನೋಡಿಕೊಂಡು ಪುಟ್ಟಿ ಕಲಸಿದೆ

ಮನೆಗೆ ಟೆಕ್ಸ್‌ಚರ್ ಆರ್ಟ್ (ಪುಟ್ಟಿಯಲ್ಲಿ ಉಬ್ಬಿಸಿ ಮಾಡೋ ಚಿತ್ರ) ಮಾಡ್ಕೊಂಡೆ ಅಂದ ಕೂಡಲೇ ಎಲ್ಲರೂ ಕೇಳೋದು ಯಾವ ಪುಟ್ಟಿ, ಯಾವ ಬಣ್ಣ ಅಂತ. ನಾನು ಮೊದಲು ನೋಡಿದ್ದು ಕಿಟಕಿಯನ್ನು. ಮೈಸೂರಿನ ನಮ್ಮ ಮನೆಯ ಹಾಲ್‌ಗೆ ಪೂರ್ವಕ್ಕೊಂದು ದೊಡ್ಡ ಕಿಟಕಿ ಇದೆ. ಚಿತ್ರ ಹಾಕಬೇಕಿದ್ದ ಗೋಡೆ ಅದರ ಪಕ್ಕದ್ದು. ಬೆಳಗಿನ ಬಿಸಿಲು ಆ ಗೋಡೆಯನ್ನು ಸವರಿಕೊಂಡೇ ಒಳಗೆ ಬರುತ್ತದೆ. ಉಬ್ಬು ಕೆಲಸ ಕಣ್ಣಿಗೆ ಕಾಣೋದೇ ನೆರಳಿನಿಂದ. ನೆರಳು ಬೀಳಬೇಕಾದರೆ ಬೆಳಕು ಓರೆಯಾಗಿ ಬರಬೇಕು. ನೇರ ಎದುರಿಂದ ಬಿದ್ದರೆ, ಎಷ್ಟೇ ದಪ್ಪ ಬಳಿದಿರಲಿ, ಅದು ಚಪ್ಪಟೆಯಾಗಿಯೇ ಕಾಣುತ್ತದೆ.

ಗೆರೆಗಳ ದಿಕ್ಕೂ ಇದರಿಂದಲೇ ತೀರ್ಮಾನ ಆಗುತ್ತದೆ. ಪಕ್ಕದಿಂದ ಬೆಳಕು ಬರೋ ಕಡೆ ಗೆರೆಗಳು ಮೇಲಿಂದ ಕೆಳಕ್ಕೆ ಇರಬೇಕು. ಸೀಲಿಂಗ್ ಲೈಟಿನ ಕೆಳಗೆ ಹಾಕೋದಾದರೆ ಅಡ್ಡ ಗೆರೆ. ಬೆಳಕು ಬರೋ ದಿಕ್ಕಿಗೇ ಗೆರೆ ಎಳೆದರೆ ನೆರಳೇ ಹುಟ್ಟುವುದಿಲ್ಲ.

ನನ್ನದು ಮಂಡ್ಯ ಕಡೆಯ ಊರು. ಕಬ್ಬು ನಾಟಿಗೆ ಸಾಲು ಹೊಡೆದ ಗದ್ದೆ ನನಗೆ ಬಹಳ ಇಷ್ಟ. ಅದರ ಸಾಲು, ಬೋದು (ಎರಡು ಸಾಲಿನ ನಡುವಿನ ಮಣ್ಣಿನ ದಿಣ್ಣೆ), ನಡುವೆ ಒಂದು ಕಡೆ ಬಾಗಿ ಹೋಗುವ ನೀರಿನ ಕಾಲುವೆ, ಇಷ್ಟನ್ನೇ ಚಿತ್ರಕ್ಕೆ ತಗೊಂಡೆ. ಮರ, ಮನೆ, ಸೂರ್ಯ ಏನೂ ಬೇಡ ಅನ್ನಿಸಿತು. ಟೆಕ್ಸ್‌ಚರ್ ಕೆಲಸದಲ್ಲಿ ವಿಷಯ ಕಡಿಮೆ ಇದ್ದಷ್ಟೂ ಮೇಲ್ಮೈ ಚೆನ್ನಾಗಿ ಕಾಣುತ್ತದೆ.

ಉಬ್ಬು ಎಷ್ಟಿರಬೇಕು ಅನ್ನೋದನ್ನು ಹೇಳಿಕೊಟ್ಟಿದ್ದು ಮೈಸೂರಿನ ಹಳೇ ಚಿತ್ರಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಮೈಸೂರು ಶೈಲಿಯ ಚಿತ್ರಗಳಿವೆ. ದೇವರ ಒಡವೆ, ಕಿರೀಟ, ಸೀರೆಯ ಅಂಚು ಎಲ್ಲಾ ಅದರಲ್ಲಿ ಉಬ್ಬಿಕೊಂಡಿರುತ್ತವೆ. ಅದೇ ಗೆಸ್ಸೋ ಕೆಲಸ. ಬಿಳಿ ಸೀಸದ ಪುಡಿ, ಗೋಂದು, ರೇವಲ್ ಚಿನ್ನಿ ಹಾಲು (ಒಂದು ಮರದ ಹಳದಿ ಅಂಟು) ಸೇರಿಸಿ ಕಲಸಿ, ಕುಂಚದಲ್ಲಿ ಸಣ್ಣಗೆ ಎಳೆದು, ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದರು. ತಂಜಾವೂರು ಚಿತ್ರದಲ್ಲಿ ಉಬ್ಬು ಎದ್ದು ಕಾಣುತ್ತದೆ, ಕಲ್ಲು ಕೂರಿಸಿರುತ್ತಾರೆ. ನಮ್ಮದರಲ್ಲಿ ಅದು ತುಂಬಾ ತೆಳು. ಎದುರಿಗೆ ನಿಂತರೆ ಗೆರೆಯಷ್ಟೇ ಅನ್ನಿಸುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಪ್ರತಿ ಮಣಿಯೂ ಎದ್ದು ಬರುತ್ತದೆ. ಅಷ್ಟು ತೆಳು ಸಾಕು ಅಂತ ಅಲ್ಲಿ ಗೊತ್ತಾಯಿತು. (ಸೀಸದ ಪುಡಿ ವಿಷ. ಸಾಂಪ್ರದಾಯಿಕ ಅಂತ ಮನೆಯಲ್ಲಿ ಅದನ್ನು ಮುಟ್ಟಲೇಬೇಡಿ.)

ಸಾಮಾನು ಶಿವರಾಂಪೇಟೆಯಲ್ಲಿ ತಂದೆ. ಎರಡು ಅಡಿಗೆ ಮೂರು ಅಡಿ, 6 ಎಂಎಂ ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ. ಕ್ಯಾನ್ವಾಸ್ ಬೇಡ ಅಂದುಕೊಂಡೆ, ಯಾಕೆಂದರೆ ಬಟ್ಟೆ ಅಲುಗುತ್ತದೆ, ಒಣಗಿದ ಪುಟ್ಟಿ ಅಲುಗುವುದಿಲ್ಲ, ಕೊನೆಗೆ ಸೀಳು ಬಿಡುತ್ತದೆ. ಎಂಡಿಎಫ್‌ಗೂ ಒಂದು ಗುಣ ಇದೆ, ನೀರು ಕುಡಿದರೆ ಬಾಗುತ್ತದೆ. ಅದಕ್ಕೆ ಹಿಂದೆ ಮರದ ರೀಪರ್ ಹೊಡೆಸಿದೆ. ಆಮೇಲೆ ಎರಡೂ ಕಡೆಗೆ, ಅಂಚಿಗೂ ಬಿಡದೆ, ಪ್ರೈಮರ್ ಬಳಿದೆ. ಮುಂದುಗಡೆ ಮಾತ್ರ ಬಳಿದರೆ ಸಾಲದು.

ಪುಟ್ಟಿಯಲ್ಲಿ ಎರಡು ಜಾತಿ. ಪುಡಿಯಾಗಿ ಬರೋ ಬಿಳಿ ಸಿಮೆಂಟಿನದು ಗಾರೆ ಗೋಡೆಗೆ ಸರಿ, ಹಲಗೆಗೆ ಅಷ್ಟು ಹಿಡಿಯೋದಿಲ್ಲ. ಡಬ್ಬಿಯಲ್ಲಿ ಕಲಸಿಯೇ ಬರೋ ಅಕ್ರಿಲಿಕ್ ಪುಟ್ಟಿ ತಗೊಂಡು ಸ್ವಲ್ಪ ಫೆವಿಕಾಲ್ ಸೇರಿಸಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ಆದರೆ ಹತ್ತು ಹದಿನೈದು ನಿಮಿಷಕ್ಕೆಲ್ಲ ಬಿಗಿದುಬಿಡುತ್ತದೆ. ನಿಧಾನವಾಗಿ ಕೆಲಸ ಮಾಡೋರಿಗೆ ಅದು ಆಗಿಬರೋದಿಲ್ಲ. ಹದ ಹೇಗಿರಬೇಕು ಅಂದರೆ, ಬ್ಲೇಡಿನಲ್ಲಿ ಎತ್ತಿ ಓರೆ ಹಿಡಿದರೂ ಜಾರಬಾರದು, ಉದುರಲೂ ಬಾರದು.

ನಮ್ಮ ಬೀದಿಯ ಪೇಂಟರ್ ಒಬ್ಬರು ನೋಡಿ, "ಅಕ್ಕ, ಒಂದೇ ಸಲ ದಪ್ಪ ಹಾಕ್ಬೇಡಿ, ಬಾಯ್ ಬಿಡುತ್ತೆ" ಅಂದರು. ಅವರ ಮಾತು ನಿಜ. ನೀರು ಆರಿದಂತೆ ಪುಟ್ಟಿ ಕುಗ್ಗುತ್ತದೆ. ದಪ್ಪ ಇದ್ದರೆ ಮೇಲಿನ ಪದರ ಮೊದಲು ಒಣಗಿ, ಒಳಗಿನದು ಹಸಿಯಾಗೇ ಇದ್ದು, ನಡುವೆ ಬಿರುಕು. ಹಾಗಾಗಿ ಮೊದಲು ಒಂದು ಎಂಎಂನಷ್ಟು ತೆಳುವಾಗಿ ಎಳೆದು, ಅರೆ ಒಣಗಿದಾಗ ಮುಳ್ಳು ಚಮಚದಲ್ಲಿ ಅಡ್ಡಾದಿಡ್ಡಿ ಗೀಚಿ ಬಿಟ್ಟೆ. ಮುಂದಿನ ಪದರಕ್ಕೆ ಹಿಡಿತ ಸಿಗಲಿ ಅಂತ. ಫ್ಯಾನ್ ಹಾಕಲಿಲ್ಲ, ಬಿಸಿಲಿಗೂ ಇಡಲಿಲ್ಲ. ಒಣಗಿದೆಯಾ ಅಂತ ನೋಡೋಕೆ ಅಂಗೈ ಹಿಂಬದಿಯನ್ನು ಮೆಲ್ಲಗೆ ಇಡಿ. ತಣ್ಣಗಿದ್ದರೆ ಇನ್ನೂ ನೀರು ಆರುತ್ತಾ ಇದೆ ಅಂತ ಅರ್ಥ. ಮಳೆಗಾಲದಲ್ಲಿ ಇದಕ್ಕೆ ಜಾಸ್ತಿ ತಾಳ್ಮೆ ಬೇಕು.

ಎರಡನೇ ಪದರದಲ್ಲೇ ನಿಜವಾದ ಕೆಲಸ. ಹಳೇ ಎಟಿಎಂ ಕಾರ್ಡಿನ ಅಂಚಿಗೆ ಕತ್ತರಿಯಲ್ಲಿ ಹಲ್ಲು ಕತ್ತರಿಸಿಕೊಂಡೆ, ಹಲ್ಲುಗಳ ನಡುವೆ ಬೇಕಂತಲೇ ಹೆಚ್ಚುಕಡಿಮೆ ಅಂತರ ಬಿಟ್ಟು. ಎಲ್ಲಾ ಸಮ ಇದ್ದರೆ ಮೆಷಿನ್ ಮಾಡಿದ ಟೈಲ್ಸ್ ಆಗಿಬಿಡುತ್ತದೆ, ಗದ್ದೆ ಆಗೋದಿಲ್ಲ. ಕಾರ್ಡನ್ನು ನೇರ ನಿಲ್ಲಿಸಿ ಎಳೆದರೆ ಸಾಲು ಆಳ. ಸ್ವಲ್ಪ ಮಲಗಿಸಿ ಎಳೆದರೆ ಬೋದಿನ ನೆತ್ತಿ ಒರಟೊರಟಾಗಿ ಮಣ್ಣಿನ ಹೆಂಟೆಯಂತೆ ಏಳುತ್ತದೆ. ನನಗೆ ಬೇಕಿದ್ದಿದ್ದು ಅದೇ. ಪ್ರತಿ ಎಳೆತಕ್ಕೂ ಕಾರ್ಡ್ ಒರೆಸಬೇಕು, ಇಲ್ಲದಿದ್ದರೆ ಅಂಟಿದ ಪುಟ್ಟಿ ಪಕ್ಕದ ಸಾಲನ್ನು ಕೆಡಿಸುತ್ತದೆ. ಕಾಲುವೆಯನ್ನು ಚಮಚದ ಬೆನ್ನು ನೀರಿಗದ್ದಿ ನುಣ್ಣಗೆ ಒತ್ತಿದೆ. ಒರಟಿನ ಪಕ್ಕ ನುಣುಪು ಇದ್ದಾಗಲೇ ಎರಡೂ ಎದ್ದು ಕಾಣೋದು, ಅಲ್ವಾ?

ಹಸಿ ಇರುವಾಗಲೇ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕಿಟಕಿ ಇರೋ ಕಡೆಯಿಂದ ಹಲಗೆಗೆ ಸಮವಾಗಿ ಹಿಡಿದು ನೋಡಿದೆ. ಎಲ್ಲಿ ನೆರಳು ಸಾಲದೋ ಅಲ್ಲಿ ಇನ್ನೊಮ್ಮೆ ಎಳೆದೆ. ಅತಿ ಎತ್ತರದ ಬೋದೂ ನಾಲ್ಕು ಎಂಎಂ ದಾಟಿಲ್ಲ.

ಉಜ್ಜುವ ಕೆಲಸ ಬಾಲ್ಕನಿಯಲ್ಲಿ, ಮಾಸ್ಕ್ ಹಾಕಿಕೊಂಡೇ. 220 ನಂಬರಿನ ಸ್ಯಾಂಡ್ ಪೇಪರ್, ಚೂಪಾಗಿ ಎದ್ದ ಕಡೆ ಮಾತ್ರ. ಬ್ಲೇಡು, ಚಮಚ ಎಲ್ಲಾ ಬಕೆಟ್‌ನಲ್ಲಿ ತೊಳೆಯಿರಿ. ಸಿಂಕಿಗೆ ಬಿಟ್ಟರೆ ಪುಟ್ಟಿ ಪೈಪಿನೊಳಗೆ ಕೂತುಬಿಡುತ್ತದೆ.

ಬಣ್ಣ ಒಂದೇ, ಮಾಸಲು ಬಿಳಿ, ಮ್ಯಾಟ್. ಹೊಳೆಯೋ ಬಣ್ಣ ಬೆಳಕನ್ನು ಎಲ್ಲೆಂದರಲ್ಲಿ ಎರಚಿ ನೆರಳನ್ನೇ ತಿಂದುಹಾಕುತ್ತದೆ. ಬಿಳಿ ಒಣಗಿದ ಮೇಲೆ ಕಂದು ಬಣ್ಣವನ್ನು ನೀರು ನೀರಾಗಿ ಮಾಡಿ ಬಳಿದು, ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬೋದಿನ ಮೇಲಿಂದ ಹೋಗಿ ಸಾಲಿನೊಳಗೆ ಮಾತ್ರ ಉಳಿಯಿತು. ಕಾಲುವೆಯ ಒಂದು ದಡಕ್ಕೆ ಚಿನ್ನದ ಬಣ್ಣದ ಸಣ್ಣ ಎಳೆ ಕೊಟ್ಟಿದ್ದೇನೆ. ಮೈಸೂರಲ್ಲಿ ಕೂತು ಉಬ್ಬು ಕೆಲಸ ಮಾಡಿ ಅಷ್ಟೂ ಚಿನ್ನ ಇಡದಿದ್ದರೆ ಮನಸ್ಸು ಒಪ್ಪಲಿಲ್ಲ.

ತೂಕ ಆರು ಕೆಜಿ ಹತ್ತಿರ ಬಂತು, ಸುಮ್ನೆ ಮೊಳೆ ಹೊಡೆದರೆ ನಿಲ್ಲೋದಿಲ್ಲ. ಡ್ರಿಲ್ ಮಾಡಿ ಪ್ಲಗ್ ಕೂರಿಸಿ, ರೀಪರ್‌ಗೆ ಎರಡು ಕಡೆ ಹುಕ್ ಹಾಕಿ ನೇತುಹಾಕಿದೆ. ಧೂಳು ತೆಗೆಯೋಕೆ ಒಣಗಿದ ಮೆತ್ತನೆ ಬ್ರಷ್ ಸಾಕು, ಸಾಲಿನ ಗುಂಟ ಮೇಲಿಂದ ಕೆಳಕ್ಕೆ ಎಳೆಯಿರಿ.