ಕಾಫಿ ಕುಯ್ಲಿಗೆ ಹೊರರಾಜ್ಯದ ಆಳು: ಲೆಕ್ಕ ಇಡುವ ಕ್ರಮ

ನವೆಂಬರ್ ಕೊನೆಗೆ ಅರೇಬಿಕಾ ಹಣ್ಣಾಗಿ, ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಊರಿನ ಆಳು ಸಾಲದೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನವರನ್ನು ಕರೆಸುತ್ತಾರೆ. ಭಾಷೆ ಬಾರದವರ ಕೂಲಿ ಸೋರುವುದು ಹೆಚ್ಚಾಗಿ ಎರಡು ಕಡೆ: ಆಳು ಕರೆತರುವ ಗುತ್ತಿಗೆದಾರ ಮೇಸ್ತ್ರಿಯ ಪುಸ್ತಕದಲ್ಲಿ, ತೂಕದ ತಕ್ಕಡಿಯಲ್ಲಿ. ಎರಡನ್ನೂ ತೋಟದ ಲೆಕ್ಕ ಬರೆಯುವ ರೈಟರ್ ತಾನೇ ನೋಡಿಕೊಳ್ಳಬೇಕು.

ಬಂದ ದಿನವೇ ಆಧಾರ್, ಮತದಾರರ ಚೀಟಿ ಎರಡರ ಜೆರಾಕ್ಸ್ ತೆಗೆದು, ಆಧಾರ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿ. ಆಧಾರ್ ಗುರುತಿನ ಚೀಟಿಯೇ ಹೊರತು ಪೌರತ್ವದ ದಾಖಲೆಯಲ್ಲ. ಹಾಗಾಗಿ ಹೆಸರು, ಊರು, ಫೋಟೋ ಇರುವ ಪಟ್ಟಿಯೊಂದನ್ನು ಪೊಲೀಸ್ ಠಾಣೆಗೂ ಕೊಟ್ಟಿಡುವುದು ಒಳ್ಳೆಯದು. ಮೂಲ ಕಾರ್ಡು ಮಾತ್ರ ಅವರ ಬಳಿಯೇ ಇರಲಿ. ಮುಂಗಡ ತೀರುವವರೆಗೆ ಕಾರ್ಡು ಹಿಡಿದಿಟ್ಟು ಆಳನ್ನು ಕಟ್ಟಿಹಾಕಿದರೆ 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಕೇಸಾಗಬಹುದು.

ಮುಂಗಡವನ್ನು ಮೇಸ್ತ್ರಿಗೆ ಒಟ್ಟಾಗಿ ಕೊಡಬೇಡಿ. ಅವನು ಹತ್ತು ಸಾವಿರ ಹಂಚಿ ಹದಿನೈದು ಬರೆದುಕೊಂಡರೂ ಕೇಳುವವರಿಲ್ಲ. ತಲೆಗಿಷ್ಟು ಎಂದು ಅವರವರ ಖಾತೆಗೇ ಹಾಕಿ, ವಾರದ ಬಟವಾಡೆಯನ್ನೂ ಹಾಗೇ ಮಾಡಿ. ಖಾತೆ ಇಲ್ಲದವರಿಗೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಸಬಹುದು. ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದರೆ ಆ ಹೊಣೆ ತೋಟದ ಮಾಲೀಕರ ಮೇಲೇ ಬೀಳುತ್ತದೆ. ಹೊರರಾಜ್ಯದ ಆಳು ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯೂ ಸೇರಿದೆ.

ಇನ್ನು ತೂಕ. ಜಗಳವೆಲ್ಲ ಇಲ್ಲೇ. ಸಂಜೆ ಚೀಲ ಕೊಕ್ಕೆಗೆ ಹಾಕುವ ಮೊದಲು ಖಾಲಿ ಗೋಣಿಯನ್ನು ಎಲ್ಲರೆದುರು ತೂಗಿ, ಬಂದಷ್ಟನ್ನೇ ಕಳೆಯಿರಿ. ಇಬ್ಬನಿಯಲ್ಲಿ ನೆಂದ ಗೋಣಿ ಒಣಗಿದ್ದಕ್ಕಿಂತ ಭಾರ, ಪ್ಲಾಸ್ಟಿಕ್ ಚೀಲ ಹಗುರ. ಎಲ್ಲಕ್ಕೂ ‘ಚೀಲಕ್ಕೆ ಎರಡು ಕೆ.ಜಿ.’ ಎಂದು ಹೊಡೆದುಹಾಕುವುದು ಕಳ್ಳತನವೇ. ಕಾಯಿಗೊಂದು ಕೆ.ಜಿ., ಎಲೆಗೊಂದು ಕೆ.ಜಿ. ಎಂದು ಕಡಿತ ಬೆಳೆಯುತ್ತ ಹೋದರೆ ಮೂರು ಚೀಲ ಕುಯ್ದವರಿಗೆ ಆರೇಳು ಕೆ.ಜಿ. ನಷ್ಟ. ಕುಯ್ದ ಕೆ.ಜಿ.ಗೆ 5 ರೂಪಾಯಿ ಕೂಲಿ ಇದ್ದರೂ ದಿನಕ್ಕೆ ಮೂವತ್ತು ರೂಪಾಯಿ ಹೋಯಿತು. ಹಸಿರು ಕಾಯಿ ಬೆರೆತಿದ್ದರೆ ಅಲ್ಲೇ ಸುರುವಿ ಆರಿಸಲು ಹೇಳಿ, ತೂಕಕ್ಕೆ ಕೈ ಹಚ್ಚಬೇಡಿ. ಅಂಕಿಯನ್ನು ಗಟ್ಟಿಯಾಗಿ ಓದಿ, ಆಳಿನ ಚೀಟಿಯಲ್ಲೂ ನಿಮ್ಮ ಪುಸ್ತಕದಲ್ಲೂ ಬರೆಯಿರಿ. ಕನ್ನಡದ ಅಂಕಿ ಬೇಡ, 1, 2, 3 ಸಾಕು.

ಕೆ.ಜಿ. ಲೆಕ್ಕವೇ ಆದರೂ ದಿನವಿಡೀ ದುಡಿದವರ ಕೂಲಿ ಸರ್ಕಾರದ ಕನಿಷ್ಠ ಕೂಲಿಗಿಂತ ಇಳಿಯುವಂತಿಲ್ಲ. ಗಿಡಕ್ಕೆ ನಾಲ್ಕೇ ಹಣ್ಣು ಸಿಗುವ ಮೊದಲ ಸುತ್ತಿನಲ್ಲೂ ಕೊನೆಯ ಉದುರು ಹೆಕ್ಕುವಾಗಲೂ ತೂಕ ಬರುವುದೇ ಇಲ್ಲ. ಆ ದಿನಗಳಿಗೆ ದಿನಗೂಲಿ ಗೊತ್ತುಮಾಡಿ. ತುಟ್ಟಿಭತ್ಯೆ ಸೇರಿದ ಹೊಸ ದರ ಏಪ್ರಿಲ್ 1ಕ್ಕೆ ಬರುತ್ತದೆ.

ಊರಿನ ರೇಷನ್ ಕಾರ್ಡು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ. ಆಧಾರ್ ಜೋಡಣೆಯಾಗಿರಬೇಕು ಅಷ್ಟೇ. ಮನೆಯವರು ಅಲ್ಲಿ ಅರ್ಧ, ಇವರು ಇಲ್ಲಿ ಅರ್ಧ ಎತ್ತಿಕೊಳ್ಳಬಹುದು. ಕುಯ್ಲಿನ ಅಂಟಿಗೆ ಬೆರಳು ಕಪ್ಪಾಗಿ ಸವೆದಿದ್ದರೆ ಯಂತ್ರ ಹೆಬ್ಬೆಟ್ಟನ್ನು ಓದುವುದಿಲ್ಲ. ವಾರದ ರಜೆಯ ದಿನ ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿಕೊಂಡು ಹೋಗಲಿ. ಹೆಬ್ಬೆಟ್ಟು ಆಗದಿದ್ದರೆ ಉಂಗುರದ ಬೆರಳನ್ನೂ ಇಟ್ಟು ನೋಡಲಿ.