ಮಂಡಿ ಸರ್ವರ್‌ಗೆ ಅನ್‌ಬೌಂಡ್ ಹಾಕಿದ ನನ್ನ ಅನುಭವ

ಕೋಲಾರ ಎಪಿಎಂಸಿಯ ಕೆಲವು ಟೊಮೆಟೊ ಮಂಡಿಗಳ ಲೆಕ್ಕ ನಡೆಯುವ ಲಿನಕ್ಸ್ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಹರಾಜು ಮುಗಿಯುತ್ತಿದ್ದಂತೆ ಎಷ್ಟು ಬಾಕ್ಸ್, ಯಾವ ರೇಟು ಅಂತ ರೈತರ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗಬೇಕು. ಫೈಬರ್ ಕಟ್ಟಾದರೆ ಲೈನು ತಾನಾಗೇ 4ಜಿಗೆ ಬದಲಾಗುತ್ತದೆ. ಆದರೆ ಬದಲಾದ ಮೇಲೆ ಎಸ್ಸೆಮ್ಮೆಸ್ ತೆವಳುತ್ತಿತ್ತು. ಪಿಂಗ್ (ಲೈನು ಇದೆಯಾ ಅಂತ ನೋಡುವ ಪರೀಕ್ಷೆ) ಮಾತ್ರ ಚೆನ್ನಾಗೇ ಬರುತ್ತಿತ್ತು.

ಕಾರಣ ಡಿಎನ್‌ಎಸ್, ಅಂದರೆ ಸರ್ವರ್‌ನ ಹೆಸರಿಗೆ ಅದರ ಐಪಿ ವಿಳಾಸ (ಅಂಕಿಯ ವಿಳಾಸ) ಹುಡುಕಿಕೊಡುವ ವ್ಯವಸ್ಥೆ. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಅಂತ ಬರೆದಿಡುವ ರಿಸಾಲ್ವ್ ಕಾನ್ಫ್ ಫೈಲಿನ ಮೊದಲ ಸಾಲಲ್ಲಿ ಫೈಬರ್ ಕಂಪನಿಯ ಡಿಎನ್‌ಎಸ್ ವಿಳಾಸ ಇತ್ತು. ಬೇರೆ ನೆಟ್‌ವರ್ಕಿನಿಂದ ಕೇಳಿದರೆ ಅದು ಉತ್ತರವನ್ನೇ ಕೊಡುತ್ತಿರಲಿಲ್ಲ. ಪ್ರೋಗ್ರಾಂಗಳ ಪರವಾಗಿ ಹೆಸರು ಕೇಳುವ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿ 5 ಸೆಕೆಂಡು ಕಾದು ಆಮೇಲೆ ಎರಡನೇ ವಿಳಾಸಕ್ಕೆ ಹೋಗುತ್ತದೆ. ಮುಂದಿನ ಸಲ ಮತ್ತೆ ಮೊದಲನೆಯದನ್ನೇ ಕೇಳುತ್ತದೆ. ಪ್ರತಿ ಎಸ್ಸೆಮ್ಮೆಸ್‌ಗೂ ಹೆಸರು ಹುಡುಕಲು 5 ಸೆಕೆಂಡು ಸುಮ್ನೆ ಹೋಗುತ್ತಿತ್ತು. ಕಾಯುವ ಸಮಯವನ್ನು 1 ಸೆಕೆಂಡಿಗೆ ಇಳಿಸಬಹುದು, ಆದರೆ ಕಾಯುವುದಂತೂ ತಪ್ಪುವುದಿಲ್ಲ ಅಲ್ವಾ?

ಹಾಗಾಗಿ ಸರ್ವರ್ ಒಳಗೇ ಒಂದು ಕ್ಯಾಶ್, ಅಂದರೆ ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಡಿಎನ್‌ಎಸ್ ಪ್ರೋಗ್ರಾಂ ಬೇಕಾಯಿತು. ಡಿಎನ್‌ಎಸ್‌ಮಾಸ್ಕ್ ಹಗುರ, ಮಾಮೂಲಿ ಸೆಟ್ಟಿಂಗಿನಲ್ಲಿ 150 ಹೆಸರು ಇಟ್ಟುಕೊಳ್ಳುತ್ತದೆ. ಆದರೆ ಅದು ಪ್ರಶ್ನೆಯನ್ನು ಇನ್ನೊಬ್ಬರಿಗೆ ದಾಟಿಸುತ್ತದೆ ಅಷ್ಟೇ. ಉಬುಂಟುವಿನಲ್ಲೇ ಬರುವ ಸಿಸ್ಟಮ್‌ಡಿ ರಿಸಾಲ್ವ್‌ಡಿ ಕೂಡ ಹಾಗೇ. ಬೈಂಡ್ ಎಲ್ಲಾ ಮಾಡುತ್ತದೆ, ನನಗೆ ಅಷ್ಟೆಲ್ಲ ಬೇಡವಾಗಿತ್ತು. ಕೊನೆಗೆ ಅನ್‌ಬೌಂಡ್ ಆರಿಸಿಕೊಂಡೆ. ನೆದರ್‌ಲೆಂಡ್ಸ್‌ನ ಎನ್‌ಎಲ್‌ನೆಟ್ ಲ್ಯಾಬ್ಸ್ 2008ರಲ್ಲಿ ಇದರ ಮೊದಲ ಆವೃತ್ತಿ ಬಿಟ್ಟಿತು. ಇದು ಡಿಎನ್‌ಎಸ್‌ನ ತುತ್ತತುದಿಯಲ್ಲಿರುವ ರೂಟ್ ಸರ್ವರ್‌ನಿಂದ ಶುರುಮಾಡಿ ಉತ್ತರವನ್ನು ತಾನೇ ಹುಡುಕುತ್ತದೆ. ಲೈನು ಯಾರದ್ದಾದರೂ ಅವರ ಡಿಎನ್‌ಎಸ್ ಬೇಕಾಗಲ್ಲ.

ಸೆಟ್ಟಿಂಗ್ ಜಾಸ್ತಿ ಮುಟ್ಟಿಲ್ಲ. ಪ್ರೀಫೆಚ್ ಆನ್ ಮಾಡಿದ್ದೇನೆ. ಪದೇ ಪದೇ ಕೇಳುವ ಹೆಸರಿನ ಉತ್ತರವನ್ನು ಇಟ್ಟುಕೊಳ್ಳಬಹುದಾದ ಅವಧಿ ಶೇ. 10ರಷ್ಟು ಉಳಿದಾಗಲೇ ಅದನ್ನು ಹೊಸದಾಗಿ ತಂದಿಡುತ್ತದೆ. ಸರ್ವ್ ಎಕ್ಸ್‌ಪೈರ್ಡ್ ಕೂಡ ಆನ್. ಹೊರಗಿಂದ ಉತ್ತರ ಸಿಗದಿದ್ದರೆ ಹಳೆಯ ಉತ್ತರವನ್ನೇ ಕೊಡುತ್ತದೆ. ಅದಕ್ಕೆ ಒಂದು ದಿನದ ಮಿತಿ, ಅಂದರೆ 86400 ಸೆಕೆಂಡು. ನನ್ನ ಮಟ್ಟಿಗೆ ಇದೇ ಅನ್‌ಬೌಂಡ್‌ನ ದೊಡ್ಡ ಲಾಭ, ವೇಗ ಆಮೇಲಿನ ಮಾತು. ನಮ್ಮದೇ ಸರ್ವರ್‌ನ ಐಪಿ ಬದಲಾಯಿಸಿದ ದಿನ ಮಾತ್ರ ಅನ್‌ಬೌಂಡ್ ಕಂಟ್ರೋಲ್‌ನಿಂದ ಆ ಹೆಸರನ್ನು ಕ್ಯಾಶ್‌ನಿಂದ ಫ್ಲಶ್ ಮಾಡಬೇಕು, ಅಂದರೆ ಅಳಿಸಬೇಕು.

ಡಿಎನ್‌ಎಸ್ ಪ್ರಶ್ನೆಗಳು ಬರುವ 53ನೇ ಪೋರ್ಟನ್ನು ಹೊರಗೆ ತೆರೆಯಲೇಬೇಡಿ. ತೆರೆದಿಟ್ಟ ರಿಸಾಲ್ವರ್ (ಹೆಸರು ಹುಡುಕಿಕೊಡುವ ಸರ್ವರ್) ಸಿಕ್ಕರೆ ದಾಳಿಕೋರರು ಅದರಿಂದ ಬೇರೆಯವರ ಮೇಲೆ ಟ್ರಾಫಿಕ್ ಸುರಿಸುತ್ತಾರೆ. ಅನ್‌ಬೌಂಡ್ ಮಾಮೂಲಿಯಾಗಿ 127.0.0.1ರಂಥ ಯಂತ್ರದೊಳಗಿನ ವಿಳಾಸದಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ, ಹಾಗೇ ಇರಲಿ.

ಕರೆಂಟ್ ಹೋಗಿ ಬರುವ ಕಡೆ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಡಿಎನ್‌ಎಸ್ ಉತ್ತರ ಅಸಲಿ ಅಂತ ತೋರಿಸುವ ಡಿಎನ್‌ಎಸ್‌ಸೆಕ್ ಸಹಿಗಳಿಗೆ ಶುರು ಮತ್ತು ಕೊನೆಯ ದಿನಾಂಕ ಇರುತ್ತದೆ. ಮದರ್‌ಬೋರ್ಡ್ ಬ್ಯಾಟರಿ ಸತ್ತ ಯಂತ್ರ ಹಳೇ ತಾರೀಕಿನಲ್ಲಿ ಎದ್ದರೆ ಸಹಿ ತಪ್ಪು ಅಂತ ಅನ್‌ಬೌಂಡ್ ಉತ್ತರ ಕೊಡಲ್ಲ. ಗಡಿಯಾರ ಸರಿ ಮಾಡಲು ಸಮಯ ಹೇಳುವ ಎನ್‌ಟಿಪಿ ಸರ್ವರ್‌ನ ಹೆಸರಿಗೆ ವಿಳಾಸ ಬೇಕು, ಆ ವಿಳಾಸ ಸಿಗಲು ಗಡಿಯಾರ ಸರಿ ಇರಬೇಕು. ಅದಕ್ಕೇ ಗಡಿಯಾರ ಹೊಂದಿಸುವ ಕ್ರೋನಿ ಪ್ರೋಗ್ರಾಮಿನಲ್ಲಿ ಆಫೀಸಿನ ರೂಟರನ್ನೇ ಐಪಿ ವಿಳಾಸದಿಂದ ಎನ್‌ಟಿಪಿ ಸರ್ವರ್ ಅಂತ ಕೊಟ್ಟಿದ್ದೇನೆ.